ತೂಕವಿಳಿಸುವ ಶಸ್ತ್ರಕ್ರಿಯೆಯೂ ನೆರೆಯವರ ತೀರ್ಪೂ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರರಾಗಿದ್ದ ಕ್ರಿಸ್ ಕ್ರಿಸ್ಟಿಯವರು 2013ನೆಯ ಇಸವಿ ಫೆಬ್ರವರಿಯಲ್ಲಿ ಡೇವಿಡ್ ಲೆಟರ್‌ಮನ್‌ರ ಟೆಲಿವಿಷನ್ ಕಾರ್ಯಕ್ರಮಕ್ಕೆ ಹೋಗಿದ್ದರು. ಕ್ರಿಸ್ಟಿಯವರ ಸ್ಥೂಲಕಾಯವನ್ನು ಕುರಿತು ಬಹಳ ದಿನಗಳಿಂದ ಪರಿಹಾಸ್ಯ ಮಾಡುತ್ತ ಬಂದಿದ್ದ ಕಾರ್ಯಕ್ರಮವದು. ಕ್ರಿಸ್ಟಿಯವರು ಮಾತಿನ ನಡುವೆ ಡೋನಟ್ ಎಂಬ ಕರಿದ ಸಿಹಿತಿಂಡಿಯನ್ನು ತೆಗೆದು ತಿಂದು, ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡು ಸಭಿಕರನ್ನು ನಗಿಸಿದರು. ಎರಡು ವಾರ ತುಂಬುವುದರೊಳಗೆ ಅವರೇ ಬೇರೊಂದು ಹೆಸರಿನಲ್ಲಿ ಚಿಕಿತ್ಸಾಲಯವೊಂದನ್ನು ಸೇರಿ, ಜಠರದ ಮೇಲ್ಭಾಗಕ್ಕೆ ಬಿಗಿಪಟ್ಟಿಯೊಂದನ್ನು ತೊಡಿಸಿಕೊಂಡು ಮನೆಗೆ ಮರಳಿದರು. ಮೇ ತಿಂಗಳಲ್ಲಿ ಸುದ್ದಿ ಹೊರಬಿದ್ದಿತು. ಹೆಂಡತಿ ಮಕ್ಕಳ ಸಲುವಾಗಿ ಮಾಡಿಸಿಕೊಂಡೆನೆಂದು ಅವರು ಹೇಳಿದರೂ, ಇದು ಮುಂದಿನ ಅಧ್ಯಕ್ಷ ಚುನಾವಣೆಯ ಸಿದ್ಧತೆಯೆಂದು ಅನೇಕರು ಅರ್ಥ ಹಚ್ಚಿದರು. ಮೊದಲು ದಪ್ಪಗಿದ್ದುದಕ್ಕೆ ನಗೆ. ಅನಂತರ ಅದನ್ನು ನೀಗುವ ಉಪಾಯ ಮಾಡಿದ್ದಕ್ಕೆ ಸಂಶಯ! ಗವರ್ನರರೇ ಹೆಸರು ಮರೆಸಿಕೊಂಡು ಹೋಗಬೇಕಾಯಿತೆಂದ ಮೇಲೆ ಸಾಮಾನ್ಯ ಗೃಹಸ್ಥರ ಪಾಡೇನು?

ಈ ಬಗೆಯ ತೀರ್ಪನ್ನು ಪ್ರಯೋಗದಿಂದಲೇ ಪರೀಕ್ಷಿಸಿದವರುಂಟು. ಆಸ್ಟ್ರೇಲಿಯದ ವರ್ಟೇನಿಯನ್ ಮತ್ತು ಫಾರ್ಡೂಲಿ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಪ್ಪಗಿದ್ದ ಹೆಂಗಸೊಬ್ಬಳ ಚಿತ್ರವನ್ನೂ ಆಕೆ ತೆಳ್ಳಗಾದ ಮೇಲಿನ ಚಿತ್ರವನ್ನೂ ಜನರಿಗೆ ತೋರಿಸಿದರು. ಪಥ್ಯ ವ್ಯಾಯಾಮಗಳಿಂದ ಇಳಿದಳೆಂದು ಕೆಲವರಿಗೆ, ಶಸ್ತ್ರಕ್ರಿಯೆಯಿಂದ ಇಳಿದಳೆಂದು ಮತ್ತೆ ಕೆಲವರಿಗೆ ತಿಳಿಸಿದರು. ಚಿತ್ರ ಒಂದೇ, ಆದರೆ ಶಸ್ತ್ರಕ್ರಿಯೆಯ ಹೆಸರು ಕೇಳಿದವರು ಆಕೆಯನ್ನು ಹೆಚ್ಚು ಸೋಮಾರಿಯೆಂದೂ ಕಡಿಮೆ ಸಮರ್ಥಳೆಂದೂ ಎಣಿಸಿದರು. ತೂಕ ಇಳಿದುದು ಆಕೆಯ ಸ್ವಂತ ಸಾಧನೆಯಲ್ಲವೆಂಬ ಭಾವನೆಯೇ ಇದರ ಬೇರು ಎಂದು ಸಂಶೋಧಕರು ಕಂಡುಕೊಂಡರು.

ಹಾಗಾದರೆ ಆ ಭಾವನೆ ಎಷ್ಟರಮಟ್ಟಿಗೆ ನಿಜ? ತೂಕವೆಂಬುದು ಮನೋದಾರ್ಢ್ಯವೊಂದರಿಂದಲೇ ಆಳಬಹುದಾದ ವಸ್ತುವೆ? ಉಸಿರನ್ನು ಬಿಗಿಹಿಡಿದು ನೋಡಿರಿ. ಅರ್ಧ ನಿಮಿಷ, ಒಂದು ನಿಮಿಷ ನಿಮ್ಮ ಸಂಕಲ್ಪವೇ ಗೆಲ್ಲುತ್ತದೆ. ಅಷ್ಟರಲ್ಲಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಏರಿ, ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನು ಕೆಣಕುತ್ತದೆ. ನೀವು ಉಸಿರೆಳೆದೇ ತೀರುವಿರಿ. ಆಗ ನಿಮ್ಮನ್ನು ದುರ್ಬಲಚಿತ್ತರೆಂದು ಯಾರೂ ಹಳಿಯುವುದಿಲ್ಲ. ಹಸಿವಿನ ವಿಷಯದಲ್ಲಿ ಇಂಥದೇ ಕಾರ್ಯ ನಿಮಿಷಗಳಲ್ಲಲ್ಲದೆ ತಿಂಗಳು ವರ್ಷಗಳಲ್ಲಿ ನಡೆಯುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಅಮೆರಿಕದ ಜೆಫ್ರಿ ಫ್ರೀಡ್‌ಮನ್‌ರ ತಂಡದವರು 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆಹಚ್ಚಿದರು. ಇದು ಕೊಬ್ಬಿನ ಕಣಗಳಿಂದ ಹೊರಟು, ಸಂಗ್ರಹ ಎಷ್ಟಿದೆಯೆಂಬುದನ್ನು ಮೆದುಳಿಗೆ ತಿಳಿಸುವ ದೂತ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮೆದುಳು ಅದನ್ನು ಬರಗಾಲವೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ವೆಚ್ಚವನ್ನು ಬಿಗಿಮಾಡುತ್ತದೆ. 1999ರಲ್ಲಿ ಜಪಾನಿನ ಕೊಜಿಮ ಮತ್ತು ಕಂಗಾವರ ತಂಡ ಜಠರದಲ್ಲಿ ಗ್ರೆಲಿನ್ ಎಂಬ ಮತ್ತೊಂದು ಹಾರ್ಮೋನನ್ನು ಕಂಡುಹಿಡಿಯಿತು. ಊಟಕ್ಕೆ ಮುಂಚೆ ಇದು ರಕ್ತದಲ್ಲಿ ಏರಿ, ಉಂಡ ಮೇಲೆ ಇಳಿಯುತ್ತದೆ. 2002ರಲ್ಲಿ ಸಿಯಾಟಲ್ ನಗರದ ಡೇವಿಡ್ ಕಮಿಂಗ್ಸ್‌ರೂ ಸಂಗಡಿಗರೂ, ಆರು ತಿಂಗಳು ಪಥ್ಯ ಮಾಡಿ ಶೇಕಡ 17ರಷ್ಟು ತೂಕ ಕಳೆದುಕೊಂಡ 13 ಮಂದಿಯ ರಕ್ತವನ್ನು ದಿನವಿಡೀ ಅಳೆದು ನೋಡಿದರು. ಗ್ರೆಲಿನ್ ಶೇಕಡ 24ರಷ್ಟು ಏರಿತ್ತು. ಪಥ್ಯದಲ್ಲಿ ಗೆದ್ದವನು ಮೊದಲಿಗಿಂತ ಹೆಚ್ಚು ಹಸಿದವನಾಗಿಯೇ ಗೆಲ್ಲುತ್ತಾನೆಂದಾಯಿತು. ಈ ಹಸಿವು ಬೇಗನೆ ಮಾಯುವುದೆಂದೂ ಅಲ್ಲ: ಮೆಲ್ಬರ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರಗಳ ಕಠಿಣ ಪಥ್ಯದ ಬಳಿಕ ಕದಡಿದ ಹಾರ್ಮೋನುಗಳು ಒಂದು ವರ್ಷ ಕಳೆದರೂ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ.

ಮನೆಯ ಊಟವೇ ಎಲ್ಲಕ್ಕೂ ಕಾರಣವೆನ್ನುವವರಿಗೆ ಡೆನ್ಮಾರ್ಕಿನ ದತ್ತುಮಕ್ಕಳ ಅಧ್ಯಯನವೊಂದು ಉತ್ತರ ಹೇಳುತ್ತದೆ. 1986ರಲ್ಲಿ ಸ್ಟಂಕರ್ಡ್ ಮತ್ತು ಸಂಗಡಿಗರು ದತ್ತುಹೋಗಿದ್ದ 540 ಮಂದಿ ವಯಸ್ಕರನ್ನು ಪರಿಶೀಲಿಸಿದಾಗ, ಅವರ ಮೈಕಟ್ಟು ಹೆತ್ತವರದನ್ನು ಹೋಲಿತೇ ಹೊರತು, ಉಣಿಸಿ ಬೆಳೆಸಿದವರದನ್ನು ಹೋಲಲಿಲ್ಲ.

ಈಗ ಶಸ್ತ್ರಕ್ರಿಯೆಯನ್ನು ನೋಡೋಣ. ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ತೆಗೆಸಿಕೊಂಡ ರೋಗಿಗಳು ಆಮೇಲೆ ಮೈತುಂಬಿಕೊಳ್ಳುವುದಿಲ್ಲವೆಂಬುದನ್ನು ಗಮನಿಸಿದ್ದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್, 1966ರಲ್ಲಿ ಮೊದಲ ಬಾರಿಗೆ ಜಠರದ ‘ಬೈಪಾಸ್’ ಮಾಡಿದರು. ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದೇ ಇದರ ಕ್ರಮ. ಇಂದು ಹೆಚ್ಚಾಗಿ ನಡೆಯುವ ‘ಸ್ಲೀವ್’ ಕ್ರಿಯೆಯಲ್ಲಿ ಜಠರದ ಮುಕ್ಕಾಲು ಭಾಗವನ್ನು ತೆಗೆದು, ಅಂಗಿಯ ತೋಳಿನಂಥ ಕೊಳವೆಯನ್ನು ಮಾತ್ರ ಉಳಿಸುವರು. ಚೀಲ ಕಿರಿದಾದ್ದರಿಂದ ಊಟ ಕಿರಿದಾಯಿತೆಂಬುದು ಅರ್ಧ ಸತ್ಯ ಮಾತ್ರ. ಸ್ಲೀವ್ ಕ್ರಿಯೆಯಲ್ಲಿ ಹೋಗುವ ಭಾಗವೇ ಗ್ರೆಲಿನ್ನಿನ ಮುಖ್ಯ ತವರು. ಎರಡು ಕ್ರಿಯೆಗಳಲ್ಲಿಯೂ ಆಹಾರ ಕರುಳನ್ನು ಬೇಗ ಮುಟ್ಟುವುದರಿಂದ, ತೃಪ್ತಿಯನ್ನು ಸೂಚಿಸುವ ಜಿ.ಎಲ್.ಪಿ.-1 ಮೊದಲಾದ ಕರುಳಿನ ಹಾರ್ಮೋನುಗಳು ಊಟದ ಅನಂತರ ಹಿಂದಿಗಿಂತ ಹೆಚ್ಚಾಗಿ ಹೊರಡುತ್ತವೆ. ಪಥ್ಯದಲ್ಲಿ ಶರೀರ ಕೂಗಿ ಕರೆಯುವ ಹಸಿವನ್ನು, ಶಸ್ತ್ರಕ್ರಿಯೆ ಬಹುಮಟ್ಟಿಗೆ ತಗ್ಗಿಸುತ್ತದೆ. (ಈಚೆಗೆ ಪ್ರಸಿದ್ಧವಾದ ಸೆಮಗ್ಲೂಟೈಡ್ ಚುಚ್ಚುಮದ್ದು ಅನುಕರಿಸುವುದೂ ಜಿ.ಎಲ್.ಪಿ.-1ನ್ನೇ, ಅದನ್ನು ತೆಗೆದುಕೊಳ್ಳುವವರಿಗೂ ಇದೇ ‘ಸುಲಭದ ದಾರಿ’ಯ ಅಪವಾದ ತಪ್ಪಿಲ್ಲ.)

ಸುಲಭವೆಂಬ ಮಾತನ್ನು ನಾನಂತೂ ಒಪ್ಪಲಾರೆ. ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳನ್ನು ಜೀವಮಾನವೆಲ್ಲ ನುಂಗುತ್ತಿರಬೇಕು. ಆಗಾಗ್ಗೆ ರಕ್ತಪರೀಕ್ಷೆ ಆಗಬೇಕು. ತುತ್ತನ್ನು ಚೆನ್ನಾಗಿ ಅಗಿಯಬೇಕು. ಬೈಪಾಸ್ ಆದವರು ಸಿಹಿಯನ್ನು ಸ್ವಲ್ಪ ಹೆಚ್ಚಾಗಿ ತಿಂದರೆ, ಅದು ಒಮ್ಮೆಗೇ ಕರುಳಿಗೆ ಸುರಿದು ಎದೆಬಡಿತ, ಬೆವರು, ಹೊಟ್ಟೆನುಲಿತಗಳು ಬರಬಹುದು. ಕೆಲವು ವರ್ಷಗಳ ಮೇಲೆ ತೂಕ ಸ್ವಲ್ಪ ಮರಳುವುದೂ ಸಾಮಾನ್ಯ. ಆಗ “ನಾನು ಅಂದೇ ಹೇಳಿದ್ದೆ” ಎನ್ನುವವರು ಸಿದ್ಧರಾಗಿಯೇ ಇರುತ್ತಾರೆ.

ಇಷ್ಟನ್ನು ತಿಳಿದ ಮೇಲೆ ಜನರ ಮಾತನ್ನು ಎದುರಿಸುವ ಬಗೆ ತಾನಾಗಿ ತೋರುತ್ತದೆ. ಮಾತನಾಡುವವರೆಲ್ಲ ಒಂದೇ ತೆರನಾದವರಲ್ಲ. ತಾಯಿಯೋ ಗಂಡನೋ “ಹೊಟ್ಟೆ ಕೊಯ್ಯಿಸಿಕೊಂಡು ಏನಾದರೂ ಆದರೆ?” ಎಂದರೆ ಅದು ನಿಂದೆಯಲ್ಲ, ಭಯ, ಭಯಕ್ಕೆ ಅಂಕಿಗಳಿಂದ ಉತ್ತರ ಕೊಡಬಹುದು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನದಲ್ಲಿ ಶಸ್ತ್ರಕ್ರಿಯೆಗೆ ಒಳಗಾದ 2,010 ಮಂದಿಯ ಪೈಕಿ 5 ಮಂದಿ ಅದರ ಬೆನ್ನಿಗೇ ಸತ್ತರು. ಇದನ್ನು ಮುಚ್ಚಿಡಬಾರದು. ಆದರೆ ಸುಮಾರು ಹನ್ನೊಂದು ವರ್ಷಗಳ ಲೆಕ್ಕವನ್ನು 2007ರಲ್ಲಿ ಪ್ರಕಟಿಸಿದಾಗ, ಆ ಗುಂಪಿನಲ್ಲಿ ಒಟ್ಟು 101 ಮಂದಿ ತೀರಿಕೊಂಡಿದ್ದರೆ, ಶಸ್ತ್ರಕ್ರಿಯೆಯಿಲ್ಲದ 2,037 ಮಂದಿಯ ಗುಂಪಿನಲ್ಲಿ 129 ಮಂದಿ ತೀರಿಕೊಂಡಿದ್ದರು. ಈ ಎರಡು ಸಂಖ್ಯೆಗಳನ್ನು ಮನೆಯವರ ಮುಂದಿಟ್ಟು ಶಾಂತವಾಗಿ ಮಾತನಾಡುವುದು ನೂರು ಸಮಾಧಾನಗಳಿಗಿಂತ ಮೇಲು.

“ಬಾಯಿ ಕಟ್ಟಿದ್ದರೆ ಸಾಕಾಗಿತ್ತಲ್ಲ” ಎನ್ನುವವರ ಮಾತು ಬೇರೆ. ಅವರಿಗೆ ಕೇಳುವ ಮನಸ್ಸಿದ್ದರೆ ಗ್ರೆಲಿನ್ನಿನ ಕತೆ ಹೇಳಬಹುದು. ಇಲ್ಲವಾದರೆ “ವೈದ್ಯರೊಡನೆ ಆಲೋಚಿಸಿ ನಿರ್ಧರಿಸಿದೆ” ಎಂಬ ಒಂದೇ ವಾಕ್ಯದಿಂದ ಮಾತು ಮುಗಿಸಬಹುದು. ಅದು ನಿಜವೂ ಹೌದು. ಬೇಕೆಂದವರಿಗೆಲ್ಲ ಈ ಕ್ರಿಯೆಯನ್ನು ಮಾಡುವುದಿಲ್ಲ. ತೂಕದ ಕಿಲೋಗ್ರಾಮುಗಳನ್ನು ಎತ್ತರದ ಮೀಟರುಗಳ ವರ್ಗದಿಂದ ಭಾಗಿಸಿದರೆ ಬರುವ ಸೂಚ್ಯಂಕ 35 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಇದನ್ನು ಸಲಹೆ ಮಾಡಬಹುದೆಂದು ತಜ್ಞರ ಸಂಘಗಳು 2022ರಲ್ಲಿ ಸೂಚಿಸಿದವು. ಏಷ್ಯದವರಿಗೆ ಈ ಮಿತಿ 27.5.

ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಶಸ್ತ್ರಕ್ರಿಯೆಯಾದವರ ಸ್ವಂತ ಹಕ್ಕು. ಬಚ್ಚಿಡುವುದೆಂದರೆ ಸುಳ್ಳಾಡುವುದೆಂದಲ್ಲ. ಆದರೆ ಮುಂದೆ ಚಿಕಿತ್ಸೆ ಮಾಡುವ ಪ್ರತಿಯೊಬ್ಬ ವೈದ್ಯರಿಗೂ ಸಂಕೋಚವಿಲ್ಲದೆ ತಿಳಿಸಬೇಕು. ಬೈಪಾಸ್ ಆದವರಿಗೆ ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳಿಂದ ಹುಣ್ಣಾಗುವ ಅಪಾಯ ಹೆಚ್ಚು. ಮನೆಯಲ್ಲಿ ಅಡಿಗೆ ಮಾಡುವವರಿಗೂ ತಿಳಿದಿರಬೇಕು.

ಅತ್ಯಂತ ಕಷ್ಟದ ಪರೀಕ್ಷೆ ಎದುರಾಗುವುದು ಬಹುಶಃ ನಮ್ಮ ಮದುವೆಮನೆಗಳ ಪಂಕ್ತಿಯಲ್ಲಿ. ಎಲೆಯ ಮೇಲೆ ಉಳಿದ ಅನ್ನವನ್ನು ಹತ್ತು ಕಣ್ಣುಗಳು ನೋಡುತ್ತಿರುತ್ತವೆ; ಬಲವಂತ ಮಾಡದಿದ್ದರೆ ಉಪಚಾರವೇ ಅಲ್ಲವೆಂದು ತಿಳಿದ ಹಿರಿಯರು ಹೋಳಿಗೆಯ ತಟ್ಟೆ ಹಿಡಿದು ಎದುರಿಗೆ ನಿಂತಿರುತ್ತಾರೆ. ನಾಲ್ಕು ಜನರ ನಡುವೆ ಜಠರದ ಚರಿತ್ರೆಯನ್ನು ಹೇಳಲಾಗದು. ಹೋಳಿಗೆಯನ್ನು ತಿನ್ನಲೂ ಆಗದು. ಅಂಥ ಸಮಯದಲ್ಲಿ ಪಕ್ಕದ ಎಲೆಯ ಮುಂದೆ ಕುಳಿತಿರುವ ಮಗನೋ ಮಗಳೋ, “ಅಮ್ಮನ ಊಟ ಆಯಿತು ಅತ್ತೆ, ಅದನ್ನು ನನಗೆ ಬಡಿಸಿ” ಎಂದು ತಮ್ಮ ಎಲೆಯನ್ನು ತೋರಿಸಬಹುದು.