ಹೊರಡುವಾಗ ನಿಧಾನ, ಸೇರುವಾಗಲೂ ನಿಧಾನ

ಪುಟ್ಟಿ, ಹೊಸ ಕಾರು ಮನೆಗೆ ಬಂದಿದ್ದು ಕೇಳಿ ಸಂತೋಷವಾಯಿತು. ಅದರಲ್ಲಿ ಟರ್ಬೊ ಇದೆ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದ ಧಾಟಿ ನೋಡಿದರೆ, ಗಾಡಿಗೆ ಹುಟ್ಟುವಾಗಲೇ ಏನೋ ಕಾಯಿಲೆ ಇದ್ದಂತಿತ್ತು. ಹೆದರುವಂಥದ್ದು ಏನೂ ಇಲ್ಲ ಅಂತ ಅವಳಿಗೂ ಹೇಳು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದ ಮೇಲೆ ಸಣ್ಣ ಡೀಸೆಲ್ ಕಾರುಗಳು ಒಂದೊಂದಾಗಿ ಮರೆಯಾದವು. ಆ ಜಾಗದಲ್ಲಿ ಒಂದು ಲೀಟರ್, 1.2 ಲೀಟರ್ ಅಳತೆಯ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಬಂದು ಕೂತಿವೆ. ಈಗ ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಅಕ್ಕಪಕ್ಕ ಒಂದಾದರೂ ಇರುತ್ತದೆ. ಆದರೆ ಇದನ್ನು ಓಡಿಸುವುದರಲ್ಲಿ ಒಂದು ಸಣ್ಣ ಶಿಸ್ತು ಬೇಕು. ಶೋರೂಮಿನವರು ಸನ್‌ರೂಫ್ ತೆರೆಯುವುದನ್ನು ಅರ್ಧ ಗಂಟೆ ಹೇಳಿಕೊಡುತ್ತಾರೆ, ಇದನ್ನು ಹೇಳುವುದಿಲ್ಲ.

ಮೊದಲು ಟರ್ಬೊ ಏನು ಮಾಡುತ್ತದೆ ಅಂತ ತಿಳಿದುಕೋ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಸೀದಾ ಸೈಲೆನ್ಸರಿಗೆ ಹೋಗುವ ಬದಲು ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚು ಉರಿಸಬಹುದು, ಬಲ ಹೆಚ್ಚುತ್ತದೆ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಕಾರಿಗೆ ಬರಲು 1962ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ನೀರು ಮತ್ತು ಮೆಥನಾಲ್ ಬೆರೆತ ದ್ರಾವಣಕ್ಕೆಂದೇ ಬೇರೆ ಟ್ಯಾಂಕ್ ಇತ್ತು, ಮಾಲೀಕರು ಅದನ್ನು ಆಗಾಗ ತುಂಬಿಸಬೇಕಿತ್ತು. ಬಹಳ ಜನ ತುಂಬಿಸಲೇ ಇಲ್ಲ. ಕೊನೆಗೆ ಎಷ್ಟೋ ಗಾಡಿಗಳಿಂದ ಟರ್ಬೊವನ್ನೇ ಬಿಚ್ಚಿ ತೆಗೆದರು. ಯಂತ್ರ ಮಾಡಿದವನ ಜಾಣತನ ಎಷ್ಟಿದ್ದರೂ ಓಡಿಸುವವರ ಅಭ್ಯಾಸದ ಮುಂದೆ ಅದು ಸೋಲುತ್ತದೆ ಅನ್ನುವುದಕ್ಕೆ ನಾನು ಈ ಕಾರಿನ ಕತೆಯನ್ನೇ ಹೇಳುವುದು.

ನಿನ್ನ ಎಂಜಿನ್ ಎಷ್ಟು ರೇಸ್ ಮಾಡಿದರೂ ನಿಮಿಷಕ್ಕೆ ಆರು ಸಾವಿರ ಸುತ್ತಿನ ಆಸುಪಾಸು. ಟರ್ಬೊ ಶಾಫ್ಟ್ ಪೂರ್ತಿ ಒತ್ತಡದಲ್ಲಿದ್ದಾಗ ಸುಮಾರು ಎರಡು ಲಕ್ಷ ಸುತ್ತು ತಿರುಗುತ್ತದೆ. ಅದರ ಒಂದು ಬದಿಗೆ ತಾಗುವ ಹೊಗೆಯ ಬಿಸಿ ಪೆಟ್ರೋಲ್ ಗಾಡಿಯಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ. ಇವೆರಡರ ನಡುವೆ ಶಾಫ್ಟನ್ನು ಎತ್ತಿ ಹಿಡಿದಿರುವುದು ಬೇರಿಂಗಿನೊಳಗಿನ ಎಣ್ಣೆಯ ತೆಳುವಾದ ಪದರ. ಎಂಜಿನ್ ಆಯಿಲೇ ಅದು, ಬೇರೆಯದಲ್ಲ. ಆ ಎಣ್ಣೆ ಹೊತ್ತಿಗೆ ಸರಿಯಾಗಿ ಬರಬೇಕು, ಬಂದದ್ದು ಸುಡದೆ ಹರಿಯುತ್ತಿರಬೇಕು. ನಾನು ಹೇಳುವುದೆಲ್ಲ ಇದರ ಸುತ್ತಲೇ.

ಬೆಳಿಗ್ಗೆಯಿಂದ ಶುರು ಮಾಡೋಣ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆಯೆಲ್ಲ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ, ತಣ್ಣಗಾಗಿ ಮಂದವೂ ಆಗಿರುತ್ತದೆ. ಸ್ಟಾರ್ಟ್ ಮಾಡಿದ ತಕ್ಷಣ ಆರ್‌ಪಿಎಂ ಮುಳ್ಳು ಸಾವಿರಕ್ಕಿಂತ ಸಾಕಷ್ಟು ಮೇಲೆ ನಿಂತು ಆಮೇಲೆ ನಿಧಾನಕ್ಕೆ ಇಳಿಯುವುದನ್ನು ನೀನು ನೋಡಿರಬಹುದು. ಅದು ದೋಷವಲ್ಲ, ಹೊಗೆ ಹೋಗುವ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಬಿಸಿ ಮಾಡಲು ಎಂಜಿನ್ ತಾನೇ ಮಾಡಿಕೊಳ್ಳುವ ಏರ್ಪಾಡು. ಅಷ್ಟರಲ್ಲಿ ಸೀಟ್ ಬೆಲ್ಟ್ ಹಾಕಿಕೋ, ಕನ್ನಡಿ ಸರಿ ಮಾಡಿಕೋ, ಫೋನನ್ನು ಜಾಗಕ್ಕಿಡು. ಅರ್ಧ ನಿಮಿಷ ಸಾಕು, ಹೊರಡು.

ಐದು ನಿಮಿಷ ನಿಂತಲ್ಲೇ ಬಿಸಿ ಮಾಡಬೇಕು ಅಂತ ನಿಮ್ಮ ಅಪಾರ್ಟ್‌ಮೆಂಟಿನ ಹಿರಿಯರು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರದು ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದ ಕಾರ್ಬ್ಯುರೇಟರ್ ಕಾಲದ ಬುದ್ಧಿ. ತಲೆಯಾಡಿಸಿ ಮುಂದೆ ಹೋಗು. ನಿಂತ ಎಂಜಿನ್ ಬಿಸಿಯಾಗುವುದು ಬಹಳ ನಿಧಾನ. ತಣ್ಣಗಿರುವಷ್ಟು ಹೊತ್ತೂ ಅದು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಆಯಿಲ್ ಜೊತೆ ಬೆರೆಯುತ್ತದೆ, ಆಯಿಲ್ ತೆಳುವಾಗುತ್ತದೆ. ಟರ್ಬೊಗೆ ಒಳ್ಳೆಯದು ಮಾಡಲು ಹೋಗಿ ಅದರ ಎಣ್ಣೆಯನ್ನೇ ಕೆಡಿಸಿದಂತಾಯಿತಲ್ಲ! ಡಿಸೆಂಬರಿನ ಮಡಿಕೇರಿಯಲ್ಲಿ ಕೂಡ ಅಷ್ಟು ಕಾಯಿಸುವ ಚಳಿ ಇರುವುದಿಲ್ಲ ಮಾರಾಯ್ತಿ, ನಿನ್ನ ಬೆಂಗಳೂರಿನ ಮಾತೇಕೆ.

ಬಿಸಿ ಮಾಡುವ ಕೆಲಸ ಆಗಬೇಕಾದ್ದು ಓಡುತ್ತಾ. ಮೊದಲ ಐದಾರು ಕಿಲೋಮೀಟರ್ ಆಕ್ಸಿಲರೇಟರನ್ನು ಮೆತ್ತಗೆ ಒತ್ತು, ಮುಳ್ಳು 2500ರ ಒಳಗಿರಲಿ. ಹಾಗಂತ ಮೇಲಿನ ಗೇರಿನಲ್ಲಿ ಗಾಡಿ ಗುದ್ದಾಡುವಂತೆ ಎಳೆಯಲೂ ಬೇಡ, ಸಣ್ಣ ಟರ್ಬೊ ಎಂಜಿನ್ನಿಗೆ ಅದೂ ಕೇಡು. ಬೇಸ್‌ಮೆಂಟಿನಿಂದ ರ್‍ಯಾಂಪ್ ಹತ್ತುವಾಗ ಮೊದಲ ಗೇರ್ ಹಾಕಿ ಸಮಾಧಾನವಾಗಿ ಬಾ. ಬೆಳಗಿನ ಖಾಲಿ ರಸ್ತೆ ಕಂಡು ಕಾಲು ಒತ್ತುವುದಿದ್ದರೆ ಆಮೇಲೆ ಒತ್ತು.

ಇಲ್ಲಿ ಜನ ಮೋಸಹೋಗುವುದು ಡ್ಯಾಶ್‌ಬೋರ್ಡಿನ ಬಿಸಿ ತೋರಿಸುವ ಗೆರೆಯಿಂದ. ಕೆಲವು ಗಾಡಿಗಳಲ್ಲಿ ಗೆರೆಯ ಬದಲು ನೀಲಿ ದೀಪ ಇರುತ್ತದೆ, ಎಂಜಿನ್ ಸ್ವಲ್ಪ ಬಿಸಿಯಾದ ಮೇಲೆ ಆರುತ್ತದೆ. ಅದು ಹೇಳುವುದು ಕೂಲಂಟಿನ ಸುದ್ದಿ. ಕೂಲಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ಹಿಂದೆ ಬೀಳುತ್ತದೆ. ದೀಪ ಆರಿತು ಅಂದರೆ ಟರ್ಬೊ ತಯಾರಾಯಿತು ಅಂತಲ್ಲ. ಇನ್ನೂ ಒಂದಿಷ್ಟು ದೂರ ತಾಳ್ಮೆ ಬೇಕು.

ಈಗ ನಿಲ್ಲಿಸುವ ವಿಚಾರ. ಎಂಜಿನ್ ಆಫ್ ಮಾಡಿದ ಕ್ಷಣಕ್ಕೆ ಆಯಿಲ್ ಪಂಪೂ ನಿಲ್ಲುತ್ತದೆ. ಕೆಂಪಗೆ ಕಾದ ಚಕ್ರದ ಬಿಸಿ ಮಾತ್ರ ನಿಲ್ಲುವುದಿಲ್ಲ, ಶಾಫ್ಟಿನ ಮೂಲಕ ಬೇರಿಂಗಿಗೆ ಹರಿಯುತ್ತದೆ. ಅಲ್ಲಿ ನಿಂತಲ್ಲೇ ನಿಂತ ಎಣ್ಣೆ ಸುಟ್ಟು ಕರಿಯಾಗುತ್ತದೆ. ಹಪ್ಪಳ ಕರಿದೂ ಕರಿದೂ ಬಾಣಲೆಯ ಹೊರಮೈಗೆ ಅಂಟುವ ಆ ಕಪ್ಪು ಜಿಡ್ಡು ಗೊತ್ತಲ್ಲ, ಎಷ್ಟು ತಿಕ್ಕಿದರೂ ಬಿಡದ್ದು, ಥೇಟ್ ಅದೇ. ಒಂದು ಸಲಕ್ಕೆ ಏನೂ ಆಗದು. ದಿನಾ ಆದರೆ ಎಣ್ಣೆ ಬರುವ ಸಣ್ಣ ಪೈಪು ಕಟ್ಟಿಕೊಳ್ಳುತ್ತದೆ, ಬೇರಿಂಗ್ ಒಣಗುತ್ತದೆ, ಶಾಫ್ಟ್ ಅಲುಗಾಡತೊಡಗುತ್ತದೆ. ಗ್ಯಾರೇಜಿನಲ್ಲಿ ಹಳೆಯ ಡೀಸೆಲ್ ಜೀಪುಗಳ ಟರ್ಬೊ ಬಿಚ್ಚಿದಾಗ ಇಂಥ ಪೈಪುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಕೆಲವಕ್ಕೆ ತಂತಿ ಕೂಡ ತೂರುತ್ತಿರಲಿಲ್ಲ.

ನಿನ್ನ ಗಾಡಿ ಆ ಜೀಪಲ್ಲ, ನಿಜ. ಈಗಿನ ಪೆಟ್ರೋಲ್ ಟರ್ಬೊಗಳಲ್ಲಿ ಬೇರಿಂಗಿನ ಸುತ್ತ ಕೂಲಂಟ್ ಹರಿಯುತ್ತದೆ. ಕೆಲವು ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೂ ಕರೆಂಟಿನ ಪುಟ್ಟ ಪಂಪ್ ಅದನ್ನು ಸ್ವಲ್ಪ ಹೊತ್ತು ಸುತ್ತಿಸುತ್ತದೆ. ನೀನು ಇಳಿದು ಬಾಗಿಲು ಹಾಕಿದ ಮೇಲೂ ಬಾನೆಟ್ಟಿನೊಳಗೆ ಫ್ಯಾನ್ ತಿರುಗುವ ಸದ್ದು ಕೇಳಿದರೆ ಗಾಬರಿಯಾಗಬೇಡ, ಅದರ ಪಾಡಿಗೆ ಬಿಡು. ಹಾಗಾಗಿ ಆಫೀಸಿನಿಂದ ಮನೆಗೆ ಬಂದಾಗಲೆಲ್ಲ ಕಾರಿನಲ್ಲಿ ಎರಡು ನಿಮಿಷ ಸುಮ್ಮನೆ ಕೂರಬೇಕು ಅನ್ನುವುದು ನನ್ನ ಮಟ್ಟಿಗೆ ವ್ಯರ್ಥ. ಸಿಲ್ಕ್ ಬೋರ್ಡಿನಲ್ಲಿ ಇಪ್ಪತ್ತು ನಿಮಿಷ ತೆವಳಿ ಬಂದ ಗಾಡಿಯ ಟರ್ಬೊ ಆಗಲೇ ತಣ್ಣಗಾಗಿರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಟರ್ಬೊಗೆ.

ನಿಜವಾದ ಎಚ್ಚರ ಬೇಕಾದದ್ದು ನೀನು ಊರಿಗೆ ಬರುವಾಗ. ಆಗುಂಬೆ ಘಾಟಿಯನ್ನೇ ತೆಗೆದುಕೋ. ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವುಗಳನ್ನು ಒಂದು, ಎರಡನೇ ಗೇರಿನಲ್ಲಿ, ನಾಲ್ಕು ಜನ ಮತ್ತು ಲಗೇಜು ಹೊತ್ತು, ಏಸಿ ಹಾಕಿಕೊಂಡು ಹತ್ತುತ್ತೀಯ. ಎಂಜಿನ್ನಿಗೆ ಕೆಲಸ ಪೂರ್ತಿ, ಗಾಡಿಯ ವೇಗ ಕಡಿಮೆ, ಬಾನೆಟ್ಟಿನೊಳಗೆ ಗಾಳಿ ಆಡುವುದೂ ಕಡಿಮೆ. ಟರ್ಬೊ ಅತಿ ಹೆಚ್ಚು ಕಾದಿರುವ ಆ ಹೊತ್ತಿಗೆ ಸೂರ್ಯಾಸ್ತ ನೋಡುವ ಜಾಗ ಬರುತ್ತದೆ. ಹೊತ್ತು ಮುಳುಗಿಬಿಡುತ್ತದೆ ಅಂತ ಎಲ್ಲರೂ ಗಕ್ಕನೆ ನಿಲ್ಲಿಸಿ, ಬಟನ್ ಒತ್ತಿ ಓಡುತ್ತಾರೆ. ಹಾಗೆ ಮಾಡಬೇಡ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಉಳಿದವರನ್ನು ಕಳಿಸು. ನೀನು ಎಂಜಿನ್ ಚಾಲೂ ಇಟ್ಟು ಒಂದೆರಡು ನಿಮಿಷ ಅಲ್ಲೇ ಕೂತಿರು. ರೇಸ್ ಕೊಡಬಾರದು. ಇಲ್ಲವೆಂದರೆ ಆಗುಂಬೆ ಊರಿನವರೆಗೆ ನಿಧಾನವಾಗಿ ಹೋಗಿ ನಿಲ್ಲಿಸಿ ನಡೆದು ಬಾ. ಓಡುವ ಗಾಡಿಗೆ ಗಾಳಿಯೂ ಸಿಗುತ್ತದೆ, ಎಣ್ಣೆಯೂ ಚೆನ್ನಾಗಿ ಹರಿಯುತ್ತದೆ. ನಿಂತು ಕಾಯುವುದಕ್ಕಿಂತ ನನಗೆ ಇದೇ ಇಷ್ಟ. ಚಾರ್ಮಾಡಿ ಹತ್ತಿ ಬಂದವರು ಕೊಟ್ಟಿಗೆಹಾರದ ನೀರುದೋಸೆಯವರೆಗೆ ಕಾಯ್ದುಕೊಂಡರೆ ಟರ್ಬೊಗೂ ಅಷ್ಟು ಹೊತ್ತು ಬಿಡುವು ಸಿಕ್ಕಂತೆ. ಅದೇ ಘಟ್ಟ ಇಳಿಯುವಾಗ ಈ ಯಾವ ಲೆಕ್ಕವೂ ಬೇಡ. ಆಕ್ಸಿಲರೇಟರಿನ ಮೇಲೆ ಕಾಲೇ ಇರದಿದ್ದರೆ ಟರ್ಬೊಗೆ ಕೆಲಸವೂ ಇಲ್ಲ.

ಹೈವೇಯಲ್ಲೂ ಇದೇ ರೀತಿ. ಜೋರಾಗಿ ಓಡಿಸಿ ಬಂದು ಊಟಕ್ಕೆ ನಿಲ್ಲಿಸುವುದಿದ್ದರೆ ಕೊನೆಯ ಒಂದೆರಡು ಕಿಲೋಮೀಟರ್ ಕಾಲು ಸಡಿಲಿಸು. ನಿನ್ನ ಗಾಡಿಯಲ್ಲಿ ಸಿಗ್ನಲ್ಲಿಗೆ ನಿಂತರೆ ತಾನೇ ಆಫ್ ಆಗುವ ವ್ಯವಸ್ಥೆ ಇದೆಯಂತಲ್ಲ. ಊರೊಳಗೆ ಅದು ಇರಲಿ, ಪೆಟ್ರೋಲ್ ಉಳಿಯುತ್ತದೆ. ಘಟ್ಟ ಹತ್ತುವಾಗ ಮತ್ತು ಹೈವೇ ಟೋಲಿಗೆ ಹತ್ತಿರವಾಗುವಾಗ ಅದರ ಬಟನ್ ಒತ್ತಿ ನಿಲ್ಲಿಸಿಬಿಡು.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಟರ್ಬೊ ಟೈಮರ್ ಅಂತ ಒಂದು ಡಬ್ಬಿಯನ್ನು ಯಾರಾದರೂ ತೋರಿಸಿದರೆ ಬೇಡ ಅನ್ನು. ಕೀ ತೆಗೆದ ಮೇಲೂ ಎಂಜಿನ್ನನ್ನು ಚಾಲೂ ಇಡುವ ಆ ಸಾಧನಕ್ಕೆ ವೈರ್ ಕತ್ತರಿಸಿದರೆ ನಿನ್ನ ವಾರಂಟಿಗೇ ಕುತ್ತು ಬರಬಹುದು. ಆ ದುಡ್ಡನ್ನು ಆಯಿಲ್‌ಗೆ ಹಾಕು. ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡೇ ಬೇಕು, ಅಂಗಡಿಯವನು ಇದೂ ಅದೇ ಅಂದ ಗ್ರೇಡಲ್ಲ. ನೀನು ದಿನಾ ಓಡಿಸುವುದು ನಾಲ್ಕೈದು ಕಿಲೋಮೀಟರ್ ಆದರೆ ಆಯಿಲ್ ಪೂರ್ತಿ ಬಿಸಿಯಾಗುವ ಮುನ್ನವೇ ಗಾಡಿ ನಿಲ್ಲುತ್ತದೆ, ಅದಕ್ಕೆ ಬೆರೆತ ಪೆಟ್ರೋಲ್ ಆವಿಯಾಗಿ ಹೋಗಲು ಹೊತ್ತೇ ಸಿಗುವುದಿಲ್ಲ. ಹೀಗಾಗಿ ವಾರಕ್ಕೊಮ್ಮೆ ಅರ್ಧ ಗಂಟೆ ಎಡೆಬಿಡದೆ ಓಡಿಸು, ಆಯಿಲ್ ಬದಲಿಸುವ ಅವಧಿಯನ್ನೂ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮುಂಚಿತ ಮಾಡಿಕೋ. ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡು. ಮಟ್ಟ ಇಳಿದಿದ್ದರೂ ಕೇಳಬೇಕು, ಹಾಕದೇ ಏರಿದ್ದರೂ ಕೇಳಬೇಕು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಗಾಡಿ ಎಳೆತ ಕಳೆದುಕೊಂಡು, ಮೊದಲಿಲ್ಲದ ಸೀಟಿಯಂಥ ಕಿರುಚು ಕೇಳಿ, ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಬದಿಗೆ ನಿಲ್ಲಿಸಿ ಆಗಲೇ ಆಫ್ ಮಾಡು. ಅಂಥ ಹೊತ್ತಿನಲ್ಲಿ ತಣ್ಣಗಾಗಲಿ ಅಂತ ಕಾಯುವುದು ತಪ್ಪು, ಮುರಿದ ಚೂರು ಎಂಜಿನ್ನಿಗೆ ಹೋಗಬಹುದು. ಗ್ಯಾರೇಜು ಎರಡೇ ಕಿಲೋಮೀಟರ್ ಅಂದರೂ ಓಡಿಸಿಕೊಂಡು ಹೋಗಬೇಡ, ಟೋಯಿಂಗ್ ಗಾಡಿ ಕರೆಸು. ಆಮೇಲೆ ನನಗೊಂದು ಫೋನ್ ಮಾಡು. ಟರ್ಬೊ ಬದಲಿಸಲು ಅವರು ಹೇಳುವ ರೇಟು ಕೇಳಿ ಒಪ್ಪಿಕೊಳ್ಳುವ ಮೊದಲೇ ಮಾಡು.