ಮುದ್ದೆ ಅಗಿಯಲು ಕಲಿತದ್ದು

ಮುದ್ದೆ ನುಂಗುವುದು, ಅಗಿಯುವುದಲ್ಲ. ನಮ್ಮ ತುಮಕೂರು ಸೀಮೆಯ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ನೋಡಿ ನೋಡಿಯೇ ಬರುತ್ತದೆ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಜಾರಿ ಒಳಗೆ ಹೋಗಬೇಕು. ನಲವತ್ನಾಲ್ಕು ವರ್ಷ ನಾನು ಹಾಗೇ ಉಂಡವಳು.

2019ರ ಜೂನ್ ಕೊನೆಯಲ್ಲಿ, ಆಷಾಢ ಹಿಡಿಯುವುದಕ್ಕೆ ಮೊದಲು, ನನ್ನ ನಾದಿನಿಯ ಮಗಳ ಬೀಗರೂಟ. ಪಂಕ್ತಿಯಲ್ಲಿ ಕೂತಿದ್ದೆ. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ನನ್ನ ಹೊಟ್ಟೆಯ ಆಪರೇಷನ್ ಆಗಿ ಆಗ ಒಂಬತ್ತನೇ ವಾರ. ಮೆತ್ತಗಿನದನ್ನು ಮಾತ್ರ ತಿನ್ನಬೇಕು, ಅದನ್ನೂ ನೀರಾಗುವಷ್ಟು ಅಗಿದು ನುಂಗಬೇಕು ಎಂದು ಡಯಟಿಷಿಯನ್ ಬರೆದುಕೊಟ್ಟಿದ್ದರು. ಆದರೆ ಪಂಕ್ತಿಯಲ್ಲಿ ಕೂತು ಮುದ್ದೆ ಅಗಿದರೆ ಪಕ್ಕದವರು ಕೇಳದೆ ಬಿಡುತ್ತಾರೆಯೇ? ಆಪರೇಷನ್ ವಿಷಯ ನನ್ನ ಯಜಮಾನರಿಗೆ, ಮಗನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಹಾಗೆ ನುಂಗಿದೆ. ಮೊದಲ ತುತ್ತು ಇಳಿಯಿತು. ಎರಡನೆಯದು ಎದೆಯ ಮಧ್ಯೆ ನಿಂತಿತು.

ಆ ನೋವು ಅನುಭವಿಸಿದವರಿಗೇ ಗೊತ್ತು. ಎದೆಗೂಡಿನ ಹಿಂದೆ ಕಲ್ಲು ಇಟ್ಟ ಹಾಗೆ. ಉಸಿರು ಆಡುತ್ತದೆ, ಆದರೆ ತುತ್ತು ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಹೋಗುವುದಿಲ್ಲ. ಬಾಯಿ ತುಂಬ ಜೊಲ್ಲು ಉಕ್ಕುತ್ತದೆ. ಶಾಮಿಯಾನದ ಹಿಂದೆ ಹೋಗಿ ಹುಣಸೆಮರಕ್ಕೆ ಕೈಕೊಟ್ಟು ನಿಂತೆ. ಮುಕ್ಕಾಲು ಗಂಟೆ ಬರೀ ನೊರೆ ವಾಂತಿ. ಯಜಮಾನರು ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದರು. ನಾದಿನಿ ಓಡಿ ಬಂದು, "ಅತ್ತಿಗೆ, ಗ್ಯಾಸ್ಟ್ರಿಕ್ ಇರ್ಬೇಕು, ಸೋಡಾ ಕುಡೀರಿ" ಎಂದು ಬಾಟಲಿ ಮುಂದೆ ಹಿಡಿದಳು. ಪುಟ್ಟದಾದ ಹೊಸ ಹೊಟ್ಟೆಗೆ ಸೋಡಾ ಕೊಡಬಾರದು. ಯಜಮಾನರು ಏನೋ ನೆಪ ಹೇಳಿ ಅದನ್ನು ತಡೆದರು. ಅಷ್ಟಾದರೂ ನಾನು ಬಾಯಿ ಬಿಡಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹೈಸ್ಕೂಲು ಕನ್ನಡ ಟೀಚರ್. ಎತ್ತರ ಐದು ಅಡಿ ಎರಡು ಅಂಗುಲ, ಆಗಿನ ತೂಕ 118 ಕಿಲೋ. ವೈದ್ಯರು ಬಿಎಂಐ ಎನ್ನುತ್ತಾರಲ್ಲ, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ತೆಗೆಯುವ ಲೆಕ್ಕ, ಅದು 48ರ ಹತ್ತಿರ ಇತ್ತು. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ. ರಾತ್ರಿ ಮಲಗಿದರೆ ಉಸಿರು ನಿಂತು ನಿಂತು ಬರುತ್ತಿತ್ತು, ಮೂಗಿಗೆ ಮಾಸ್ಕ್ ಹಾಕಿ ಗಾಳಿ ಊದುವ ಯಂತ್ರ ಬೇಕಾಗಿತ್ತು. ಬಸ್ಸಿನಲ್ಲಿ ಎರಡು ಸೀಟಿನ ಕಡೆ ಕೂತರೆ ಪಕ್ಕದವರು ಎದ್ದು ನಿಂತೇ ಪ್ರಯಾಣ ಮಾಡುತ್ತಿದ್ದರು. ಮಹಡಿಯ ಮೇಲಿನ ತರಗತಿಗೆ ಹತ್ತಿ ಹೋದರೆ ಹಾಜರಿ ಕೂಗಲು ಉಸಿರು ಇರುತ್ತಿರಲಿಲ್ಲ. ಮಕ್ಕಳು ತಾವಾಗಿಯೇ ಮೌನವಾಗಿ ಕಾಯುತ್ತಿದ್ದವು.

ಪ್ರಯತ್ನ ಪಡದೆ ಇದ್ದವಳಲ್ಲ. ಅಮಾನಿಕೆರೆ ಪಾರ್ಕಿನಲ್ಲಿ ಬೆಳಗಿನ ಐದೂವರೆಗೆ ನಡೆದೆ. ರಾತ್ರಿ ಊಟ ಬಿಟ್ಟೆ. 2015ರಲ್ಲಿ ಎಂಟು ತಿಂಗಳಲ್ಲಿ ಹದಿನಾಲ್ಕು ಕಿಲೋ ಇಳಿಸಿದ್ದೆ. ಮುಂದಿನ ಒಂದೂವರೆ ವರ್ಷದಲ್ಲಿ ಹತ್ತೊಂಬತ್ತು ಕಿಲೋ ಏರಿತು. ಆ ದಿನಗಳ ಹಸಿವನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ತಿಂದು ಕೈ ತೊಳೆದ ಅರ್ಧ ಗಂಟೆಗೆ ಹೊಟ್ಟೆ ಮತ್ತೆ ಕೂಗುತ್ತಿತ್ತು. ಅದು ನನ್ನ ಬಾಯಿಚಪಲ ಎಂದೇ ನಂಬಿದ್ದೆ. ತೂಕ ಇಳಿದಾಗ ದೇಹ ಅದನ್ನು ಬರಗಾಲವೆಂದು ತಿಳಿಯುತ್ತದೆ, ಹಸಿವಿನ ಹಾರ್ಮೋನನ್ನು ಹೆಚ್ಚಿಸುತ್ತದೆ, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯನ್ನು ಕಡಿಮೆ ಮಾಡುತ್ತದೆ ಎಂದು ಸರ್ಜನ್ ವಿವರಿಸಿದ ದಿನ ನಾನು ಅವರ ಎದುರೇ ಅತ್ತೆ. ಅಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಬೈಯದೆ ಇದರ ಬಗ್ಗೆ ಮಾತಾಡಿದ್ದರು.

ಆ ಹಾರ್ಮೋನಿನ ಹೆಸರು ಗ್ರೆಲಿನ್. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ನನಗೆ ಮಾಡಿದ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ಉದ್ದಕ್ಕೆ ಕತ್ತರಿಸಿ ಸ್ಟೇಪ್ಲರಿನಿಂದ ಮುಚ್ಚುತ್ತಾರೆ. ಗ್ರೆಲಿನ್ ಸುರಿಸುವ ಆ ಮೇಲ್ಭಾಗವೂ ಅದರ ಜೊತೆಯಲ್ಲೇ ಹೋಗುತ್ತದೆ. ಉಳಿಯುವುದು ಬಾಳೆಕಾಯಿಯ ಆಕಾರದ ಒಂದು ಕೊಳವೆ. ಬೈಪಾಸ್ ಎಂಬ ಇನ್ನೊಂದು ವಿಧವಿದೆ. ಅದರಲ್ಲಿ ಕರುಳಿನ ದಾರಿಯನ್ನೂ ಬದಲಿಸುತ್ತಾರೆ. ಎದೆಯುರಿ ಜಾಸ್ತಿ ಇರುವವರಿಗೆ ಸಾಮಾನ್ಯವಾಗಿ ಅದನ್ನು ಹೇಳುತ್ತಾರೆ. ನನಗೆ ಎಂಡೋಸ್ಕೋಪಿ ಮಾಡಿ ನೋಡಿ ಸ್ಲೀವ್ ಸಾಕು ಎಂದರು.

ಬೇಸಿಗೆ ರಜೆಯಲ್ಲಿ ಮಾಡಿಸಿದರೆ ಶಾಲೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದು ಏಪ್ರಿಲ್ ಕೊನೆಯ ವಾರ ಗೊತ್ತುಮಾಡಿಕೊಂಡೆ. ಬೆಂಗಳೂರಿನ ಆಸ್ಪತ್ರೆ. ಕೇಳಿದವರಿಗೆ ಪಿತ್ತಕೋಶದ ಕಲ್ಲು ಎಂದೆ. ನನ್ನ ಅವ್ವನಿಗೂ ಅದನ್ನೇ ಹೇಳಿದೆ. "ಬಾಯಿ ಕಟ್ಟೋಕಾಗ್ದೆ ಹೊಟ್ಟೆ ಕೊಯ್ಸ್ಕೊಂಡ್ಲು" ಎಂಬ ಮಾತು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ದುಡ್ಡಿನದೂ ಒಂದು ಕಾರಣ. ನನ್ನ ವಿಮೆಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಸೇರಿರಲಿಲ್ಲ. ಚೀಟಿ ಎತ್ತಿ, ಒಡವೆ ಅಡ ಇಟ್ಟು ಮೂರೂವರೆ ಲಕ್ಷ ಹೊಂದಿಸಿದ್ದೆವು. ಅಷ್ಟು ಹಣವನ್ನು ಇದಕ್ಕೆ ಹಾಕಿದೆ ಎಂದು ಯಾರ ಮುಂದೆ ಹೇಳುವುದು? (ಆಮೇಲೆ ನಿಯಮ ಬದಲಾಯಿತು. ವಿಮಾ ನಿಯಂತ್ರಕರಾದ ಐಆರ್‌ಡಿಎಐ ರೂಪಿಸಿದ ಮಾದರಿ ಷರತ್ತಿನ ಪ್ರಕಾರ ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ತೀವ್ರವಾಗಿ ಉಸಿರುಗಟ್ಟುವಂಥ ತೊಂದರೆ ಇದ್ದರೆ, ಬೇರೆ ವಿಧಾನಗಳು ಸೋತಿದ್ದರೆ ಈ ಚಿಕಿತ್ಸೆಯನ್ನು ಬೊಜ್ಜಿನ ಕಾರಣ ಕೊಟ್ಟು ಹೊರಗಿಡುವಂತಿಲ್ಲ ಎಂದಾಯಿತು. ನಿಮ್ಮ ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟಿದೆ ಎಂದು ಮೊದಲೇ ಓದಿಕೊಳ್ಳಿ.)

ಆಸ್ಪತ್ರೆಯ ಮೂರು ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡು ವಾರ ಮೊದಲಿಂದಲೇ ಅನ್ನ, ರಾಗಿ ನಿಲ್ಲಿಸಿ ಪ್ರೋಟೀನ್ ಪುಡಿ, ಮಜ್ಜಿಗೆ, ತರಕಾರಿ. ಲಿವರಿನ ಕೊಬ್ಬು ಕರಗಿ ಅದು ಕುಗ್ಗಿದರೆ ಸರ್ಜನ್ನರಿಗೆ ಒಳಗೆ ಜಾಗ ಸಿಗುತ್ತದಂತೆ. ಹೊಟ್ಟೆಯ ಮೇಲೆ ಐದು ಸಣ್ಣ ತೂತು. ಗಾಯಕ್ಕಿಂತ ಭುಜ ನೋಯಿತು, ಹೊಟ್ಟೆಗೆ ತುಂಬಿದ ಗ್ಯಾಸಿನಿಂದ. ಅದೇ ಸಂಜೆ ಎಬ್ಬಿಸಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಮರುದಿನ 30 ಎಂಎಲ್ ಅಳತೆಯ ಪ್ಲಾಸ್ಟಿಕ್ ಬಟ್ಟಲಲ್ಲಿ ನೀರು ಕೊಟ್ಟು, ಕಾಲು ಗಂಟೆಯಲ್ಲಿ ಮುಗಿಸಿ ಎಂದರು. ಮುಗಿಸಲಾಗಲಿಲ್ಲ. ಹಸಿವೇ ಇರಲಿಲ್ಲ. ಬುದ್ಧಿ ಬಂದಾಗಿನಿಂದ ಹಸಿವು ಇಲ್ಲದೆ ಕಳೆದ ದಿನ ಅದೇ ಮೊದಲು. ಆ ನಿಶ್ಶಬ್ದವನ್ನು ನಾನು ಎಂದೂ ಮರೆಯುವುದಿಲ್ಲ.

ಮನೆಗೆ ಬಂದ ಮೇಲೆ ಬೇಳೆ ಕಟ್ಟು, ಎಳನೀರು, ಸೋಸಿದ ಮಜ್ಜಿಗೆ. ಆಮೇಲೆ ತೆಳ್ಳನೆಯ ಅಂಬಲಿ. ಆಮೇಲೆ ಅರೆದದ್ದು, ಮೆತ್ತಗಿನದು. ಒಂದೊಂದೇ ಮೆಟ್ಟಿಲು. ಬೀಗರೂಟದ ದಿನ ನಾನು ಮೆಟ್ಟಿಲು ಹಾರಿದ್ದೆ.

ಆ ರಾತ್ರಿ ಊರಿಂದ ಬಂದವಳು ಅವ್ವನ ಮನೆಗೆ ಹೋಗಿ ನಿಜ ಹೇಳಿದೆ. ಅವ್ವ ಬೈಯಲಿಲ್ಲ. ಹೊಟ್ಟೆಯ ಮೇಲಿನ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ನಂಗ್ಯಾಕವ್ವ ಹೇಳ್ಲಿಲ್ಲ?" ಎಂದಿತು. ಮುಂದಿನ ವಾರ ಉಪ್ಪೆಸರು ಮಾಡಿ, ನಿಂಬೆಹಣ್ಣಿನ ಗಾತ್ರದ ಮೆತ್ತನೆ ಮುದ್ದೆ ಕಟ್ಟಿ ಎದುರಿಗೆ ಕೂತಿತು. ಡಯಟಿಷಿಯನ್ನರ ಕ್ರಮ ನಮ್ಮ ತಟ್ಟೆಗೆ ತಿರುವುಮುರುವು. ನಮ್ಮಲ್ಲಿ ಮುದ್ದೆ ಮೊದಲು, ಕಾಳು ಸಾರಿನ ಜೊತೆ ಬಂದರೆ ಬಂತು. ನಾನು ಮೊದಲು ಕಾಳು ಅಥವಾ ಮೊಟ್ಟೆ ತಿನ್ನಬೇಕು, ಆಮೇಲೆ ಸೊಪ್ಪು, ಜಾಗ ಉಳಿದರೆ ಮುದ್ದೆ. ದಿನಕ್ಕೆ ಅರವತ್ತು ಗ್ರಾಮಾದರೂ ಪ್ರೋಟೀನ್ ಸಿಗದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಊಟದ ಜೊತೆ ನೀರಿಲ್ಲ. ಕುಡಿಯಬೇಕಾದರೆ ಅರ್ಧ ಗಂಟೆ ಬಿಟ್ಟು. ಕಡಲೆಕಾಳಷ್ಟು ಮುದ್ದೆ ಮುರಿದು ಬಾಯಿಗಿಟ್ಟು ಅಗಿದೆ. ಹಲ್ಲಿಗೆ ಅಂಟಿತು. ರಾಗಿಯ ರುಚಿ ಏನೆಂದು ಅಂದೇ ತಿಳಿಯಿತು, ಅದಕ್ಕೊಂದು ಸಣ್ಣ ಸಿಹಿಯಿದೆ. ಅವ್ವ ನೋಡಿ ನೋಡಿ, "ಹಸ ಮೆಲುಕು ಹಾಕ್ದಂಗೆ ಹಾಕ್ತೀಯಲ್ಲ" ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿತು. ತನ್ನನ್ನು ನೋಡಿ ಕಲಿತ ಉಣ್ಣುವ ರೀತಿಯನ್ನು ಮಗಳು ಮರೆಯಬೇಕಾಗಿ ಬಂತಲ್ಲ ಎಂಬ ಸಂಕಟ ಅದು. ನಾಲ್ಕು ದಿನದ ನಂತರ ಅದೇ ಅವ್ವ, "ಇನ್ನೂ ಅಗಿ, ಅವಸರ ಮಾಡ್ಬೇಡ" ಎನ್ನತೊಡಗಿತು. ಅದೊಂದು ಧ್ವನಿ ನನ್ನ ಪಕ್ಕದಲ್ಲಿ ಇದ್ದುದರಿಂದ ನಾನು ಆ ವರ್ಷ ದಾಟಿದೆ.

ತೂಕ ಇಳಿಯಿತು. ರಾತ್ರಿಯ ಇನ್ಸುಲಿನ್ ಆಪರೇಷನ್ ಆದ ಮೊದಲ ವಾರವೇ ನಿಂತಿತ್ತು, ಮಾತ್ರೆಗಳು ಒಂದೊಂದಾಗಿ ಕಡಿಮೆಯಾದವು. ವರ್ಷ ತುಂಬುವ ಹೊತ್ತಿಗೆ 74 ಕಿಲೋ. ನಡುವೆ ನಾಲ್ಕನೇ ತಿಂಗಳಲ್ಲಿ ಬಾಚಣಿಗೆಗೆ ಕೂದಲು ಉಂಡೆ ಉಂಡೆಯಾಗಿ ಬಂತು. ದೇಹ ಏಕಾಏಕಿ ಇಳಿದಾಗ ಹಾಗಾಗುತ್ತದೆ, ಬಹುಪಾಲು ಮತ್ತೆ ಹುಟ್ಟುತ್ತದೆ. ನನಗೂ ಹುಟ್ಟಿತು.

ಆದರೆ ಅವ್ವನಿಗೆ ಹೇಳಿದ ಮೇಲೂ ಹೊರಗೆ ಹೇಳಲಿಲ್ಲ. ಅದರ ಬೆಲೆ ಎರಡು ವರ್ಷದ ನಂತರ ತೆತ್ತೆ. ಈ ಆಪರೇಷನ್ ಆದವರು ಬದುಕಿರುವವರೆಗೂ ವಿಟಮಿನ್ ಮಾತ್ರೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ದಿನಕ್ಕೆ ಎರಡು ಮೂರು ಸಲ; ಕಬ್ಬಿಣಾಂಶದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ. ಅಂದರೆ ಒಂದು ಡೋಸು ಸ್ಟಾಫ್ ರೂಮಿನಲ್ಲೇ ಆಗಬೇಕು. "ಮೇಡಂ, ಅದೇನ್ ಮಾತ್ರೆ?" ಎಂದು ಒಬ್ಬರು ಕೇಳಿದ ದಿನದಿಂದ ಅದನ್ನು ಬಿಟ್ಟೆ. ಒಂದು ಬಿಟ್ಟರೆ ಎಲ್ಲವೂ ಬಿಟ್ಟುಹೋಗುತ್ತದೆ. ಅಷ್ಟರಲ್ಲಿ ಕೊರೊನಾ ಬಂತು, ಬೆಂಗಳೂರಿಗೆ ರಕ್ತಪರೀಕ್ಷೆಗೆ ಹೋಗುವುದು ನಿಂತಿತು. ಸಣ್ಣಗಾಗಿದ್ದೇನೆ, ಸಕ್ಕರೆ ಹತೋಟಿಯಲ್ಲಿದೆ, ಇನ್ನೇನು ಎಂದುಕೊಂಡೆ.

2021ರ ಮಳೆಗಾಲದಲ್ಲಿ ಪಾದಗಳು ಜೋಮು ಹಿಡಿಯತೊಡಗಿದವು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಹಳೆಯ ಸಕ್ಕರೆ ಕಾಯಿಲೆ ಇದೆ ಎಂದೆ. ಹೊಟ್ಟೆಯ ಆಪರೇಷನ್ ಮಾತು ಎತ್ತಲಿಲ್ಲ. ವೈದ್ಯರು ಸಹಜವಾಗಿಯೇ ಸಕ್ಕರೆಯಿಂದ ನರ ದುರ್ಬಲವಾಗಿದೆ ಎಂದು ಔಷಧಿ ಬರೆದರು. ತಪ್ಪು ಅವರದಲ್ಲ, ಅರ್ಧ ಕಥೆ ಹೇಳಿದವಳು ನಾನು. ನಾಲ್ಕು ತಿಂಗಳು ಹೋಯಿತು. ಕೊನೆಗೆ ಮೆಟ್ಟಿಲಲ್ಲಿ ಎಡವಿದಾಗ ಯಜಮಾನರು ಬಲವಂತವಾಗಿ ಬೆಂಗಳೂರಿಗೆ ಕರೆದೊಯ್ದರು. ಬಿ12 ತಳ ಮುಟ್ಟಿತ್ತು. ಆಹಾರದಲ್ಲಿನ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು, ರಕ್ತಕ್ಕೆ ಸೇರಲು ಜಠರವೇ ಸುರಿಸುವ ಇನ್ನೊಂದು ಅಂಶ ಬೇಕು. ಜಠರದ ಹೆಚ್ಚು ಭಾಗವೇ ಇಲ್ಲದವರಿಗೆ ಎರಡೂ ಕಡಿಮೆ. ವರ್ಷಗಟ್ಟಲೆ ನುಂಗಿದ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ. ಇಂಜೆಕ್ಷನ್ ಶುರುವಾಯಿತು. ಜೋಮು ನಿಧಾನವಾಗಿ ಇಳಿಯಿತು. ಎಡಗಾಲಿನ ಹೆಬ್ಬೆರಳಿಗೆ ಮಾತ್ರ ಇವತ್ತಿಗೂ ಸ್ಪರ್ಶ ಪೂರ್ತಿ ಬಂದಿಲ್ಲ.

ಅದೇ ಸುಮಾರಿಗೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ ಒಂದು ದಿನ ಮರೆಗೆ ಕರೆದು ಎಡೆಯೂರು ಸಿದ್ಧಲಿಂಗೇಶ್ವರನ ಪ್ರಸಾದ ಕೈಗಿಟ್ಟರು. "ಮಿಸ್, ನಿಮ್ಗೆ ಕ್ಯಾನ್ಸರ್ ಅಂತ ಎಲ್ರೂ ಮಾತಾಡ್ಕೊಂತಿದ್ರು. ವಾಸಿ ಆದ್ರೆ ಬರ್ತೀನಿ ಅಂತ ಹರಕೆ ಹೊತ್ತಿದ್ದೆ" ಎಂದರು. ನನಗೆ ಮಾತು ಹೊರಡಲಿಲ್ಲ. ಎರಡು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಬ್ಬ ಬಡ ಹೆಂಗಸು ನನ್ನ ಸಾವಿಗೆ ಹೆದರಿ ಹರಕೆ ಹೊತ್ತಿದ್ದಳು. ಆ ಮಧ್ಯಾಹ್ನವೇ ಸ್ಟಾಫ್ ರೂಮಿನಲ್ಲಿ ಎಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ಇಬ್ಬರು ಆಮೇಲೆ ಬೇರೆಯಾಗಿ ಬಂದು, ತಮ್ಮ ಮನೆಯವರಿಗೆ ಇದು ಆಗಬಹುದೇ ಎಂದು ಕೇಳಿದರು.

ಈಗ ನನ್ನ ತೂಕ 79. ಹಸಿವು ಒಂದೂವರೆ ವರ್ಷದ ನಂತರ ಮರಳಿ ಬಂದಿದೆ, ಹಿಂದಿನ ಅಬ್ಬರವಿಲ್ಲದೆ. ಮುದ್ದೆ, ಚಪಾತಿ ತಡೆಯುವ ಈ ಹೊಟ್ಟೆ ಐಸ್‌ಕ್ರೀಮನ್ನು, ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ತಡೆಯುವುದಿಲ್ಲ. ಮತ್ತೆ ಏರಿದ ಐದು ಕಿಲೋ ಸಂಜೆಯ ಬಿಸ್ಕತ್ತಿನಿಂದ ಬಂದದ್ದು. 2025ರಲ್ಲಿ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್ನುಗಳು ತೂಕ ಇಳಿಸಲೂ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೇಲೆ, "ಈಗಾಗಿದ್ರೆ ಆಪರೇಷನ್ ಮಾಡಿಸ್ಕೋತಿದ್ರಾ?" ಎಂದು ಕೇಳುವವರಿದ್ದಾರೆ. ಅದನ್ನು ವೈದ್ಯರು ಹೇಳಬೇಕು. ನನಗೆ ಆಗ ಸಿಕ್ಕ ದಾರಿ ಇದು, ಮಾಡಿಸಿಕೊಂಡದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ರಾತ್ರಿ ಯಂತ್ರವಿಲ್ಲದೆ ಮಲಗುತ್ತೇನೆ, ಮಹಡಿ ಹತ್ತಿದ ಕೂಡಲೇ ಪಾಠ ಶುರುಮಾಡುತ್ತೇನೆ.

ಮುಂದಿನ ರಜೆಗೆ ದಿನ ಗೊತ್ತುಮಾಡಿಕೊಂಡಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದೇ ಕ್ಯಾಲೆಂಡರಿನಲ್ಲಿ ರಕ್ತಪರೀಕ್ಷೆಯ ದಿನಗಳನ್ನೂ ಬರೆದಿಡಿ: ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಯಾವ ಕಾಯಿಲೆಗೆ ಯಾವ ವೈದ್ಯರ ಹತ್ತಿರ ಹೋದರೂ ಈ ಆಪರೇಷನ್ ಆಗಿದೆ ಎಂದು ಮೊದಲು ಹೇಳಿ. ಪಂಕ್ತಿಯಲ್ಲಿ ಪಕ್ಕ ಕೂತವರಿಗೂ ಹೇಳಿ.