ಮಳೆ ನಕ್ಷತ್ರಗಳ ಪುಟದಲ್ಲಿ ಶಾಲಾ ಕೈತೋಟ: ಆರನೆಯ ತರಗತಿಯಲ್ಲಿ ಒಂದು ದಿನಚರಿ ಪಾಠ

ಬೋಧನಾಭ್ಯಾಸಕ್ಕೆ ನನಗೆ ದೊರೆತ ಅವಧಿ ಎಂಟು ವಾರ. ಜುಲೈನಲ್ಲಿ ಬಿತ್ತಿದ ನಾಟಿ ಅವರೆ ಹೂ ಬಿಡಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಹೀಗಾಗಿ ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೆಯ ತರಗತಿಗೆ ಕೈತೋಟದ ಘಟಕವನ್ನು ಯೋಜಿಸುವಾಗ ನನ್ನ ಮುಂದಿದ್ದ ಮೊದಲ ಪ್ರಶ್ನೆ ಇದು: ನಾನು ಹೋದ ಮೇಲೂ ನಡೆಯುವ ಕಲಿಕೆಯನ್ನು ಹೇಗೆ ರೂಪಿಸುವುದು? ಅದಕ್ಕೆ ನಾನು ಆರಿಸಿಕೊಂಡ ಸಾಧನ, ಮಕ್ಕಳು ತಮ್ಮ ಕೈಯಿಂದಲೇ ಹೊಲಿದು ಕಟ್ಟಿಕೊಂಡ ಒಂದು ದಿನಚರಿ. ಅದನ್ನು ಕಟ್ಟಿದ ಬಗೆ, ಬಳಸಿದ ಬಗೆ ಮತ್ತು ಅಳೆದ ಬಗೆಯನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸಿದ್ದೇನೆ.

ಹಿನ್ನೆಲೆ ಮತ್ತು ಉದ್ದೇಶ

ಕೈಕೆಲಸದ ಮೂಲಕ ಕಲಿಕೆ ಎಂಬುದು ನಮಗೆ ಹೊಸದಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ತಿರುಳೇ ಅದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸಬೇಕೆಂದು ಹೇಳುತ್ತದೆ. ಆದರೆ ನಮ್ಮ ಶಾಲೆಗಳಲ್ಲಿ 'ಕ್ರಾಫ್ಟ್' ಎಂದರೆ ಬಣ್ಣದ ಕಾಗದ ಕತ್ತರಿಸಿ ಗೋಡೆಗೆ ಅಂಟಿಸುವುದು, 'ಕೈತೋಟ' ಎಂದರೆ ಬಿಸಿಯೂಟಕ್ಕೆ ಸೊಪ್ಪು ಬೆಳೆಯುವುದು, 'ವಿಜ್ಞಾನ' ಎಂದರೆ ಪುಸ್ತಕ ಎಂದು ಮೂರೂ ಬೇರೆಬೇರೆಯಾಗಿ ಉಳಿದಿವೆ. ಇವುಗಳನ್ನು ಒಂದೇ ದಾರದಲ್ಲಿ ಹೊಲಿಯುವುದು ಘಟಕದ ಉದ್ದೇಶವಾಗಿತ್ತು. ನಿರ್ದಿಷ್ಟವಾಗಿ ಮಕ್ಕಳು

1. ಕಂಡದ್ದನ್ನು ದಿನಾಂಕ ಮತ್ತು ಅಳತೆಯೊಂದಿಗೆ ದಾಖಲಿಸುವರು;
2. ಕಂಡದ್ದಕ್ಕೂ ಊಹಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು;
3. ಋತು ಬದಲಾದಂತೆ ಗಿಡ ಬದಲಾಗುವುದನ್ನು ತಮ್ಮದೇ ದಾಖಲೆಯಿಂದ ವಿವರಿಸುವರು.

ಪುಸ್ತಕದ ಲೆಕ್ಕ

ವಾರಕ್ಕೊಂದು ಪುಟ ಎಂದು ಮಾಡಬಹುದಿತ್ತು. ಆದರೆ ಈ ಮಕ್ಕಳ ಮನೆಗಳಲ್ಲಿ ಬಿತ್ತನೆಯ ಮಾತು ನಡೆಯುವುದು ಮಳೆ ನಕ್ಷತ್ರದ ಲೆಕ್ಕದಲ್ಲಿ. ಗೋಡೆಯ ಕ್ಯಾಲೆಂಡರಿನಲ್ಲೂ ಅದು ಅಚ್ಚಾಗಿರುತ್ತದೆ. ಹಾಗಾಗಿ ಪುಟಗಳನ್ನು ಅಶ್ವಿನಿಯಿಂದ ರೇವತಿಯವರೆಗಿನ 27 ನಕ್ಷತ್ರಗಳಿಗೆ ಹಂಚಿದೆ.

ಏಳು ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿದರೆ 14 ಎಲೆ, 28 ಪುಟ. ಒಂದು ಪುಟ ಹೆಸರಿಗೆ, ಉಳಿದ 27 ನಕ್ಷತ್ರಗಳಿಗೆ. ಇದನ್ನು ನಾನು ಹೇಳಲಿಲ್ಲ. "27 ಪುಟ ಬೇಕು, ಎಷ್ಟು ಹಾಳೆ ತರಲಿ?" ಎಂದು ಕೇಳಿ ಹಳೆಯ ಕಾಗದ ಮಡಚಿ ನೋಡಲು ಬಿಟ್ಟೆ. ಮುಂದಿನ ಪ್ರಶ್ನೆ: ವರ್ಷದ 365 ದಿನಗಳನ್ನು 27ಕ್ಕೆ ಹಂಚಿದರೆ ಒಂದೊಂದಕ್ಕೆ ಎಷ್ಟು? ಭಾಗಲಬ್ಧ 13, ಶೇಷ 14. ಅಂದರೆ ಕೆಲವು ನಕ್ಷತ್ರಗಳಿಗೆ 13 ದಿನ, ಕೆಲವಕ್ಕೆ 14. ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿದಾಗ ಹಾಗೆಯೇ ಇತ್ತು. ಶೇಷ ಎಂಬುದಕ್ಕೆ ಇಷ್ಟು ಅರ್ಥವತ್ತಾದ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮ ಅವಧಿ ಆರಂಭವಾದದ್ದು ಪುನರ್ವಸುವಿನಲ್ಲಿ, ಅಂದರೆ ಜುಲೈ ಮೊದಲ ವಾರದ ಕೊನೆಗೆ. ಅದು ಏಳನೆಯ ನಕ್ಷತ್ರ, ಹಾಗಾಗಿ ಎಂಟನೆಯ ಪುಟ. ಅದರ ಹಿಂದಿನ ಆರು ಪುಟ ಖಾಲಿ. "ಇವನ್ನೇನು ಮಾಡೋದು ಸಾರ್?" ಎಂದರು. "ಅವು ಬರುವ ವರ್ಷದ ಅಶ್ವಿನಿ, ಭರಣಿಗೆ. ಬೇಸಿಗೆ ರಜೆಯಲ್ಲಿ ಮನೆಯ ಹಿತ್ತಲಲ್ಲಿ ಬರೆಯಿರಿ" ಎಂದೆ. ಪುಸ್ತಕ ಪೂರ್ತಿಯಾಗುವ ಹೊತ್ತಿಗೆ ಅವರು ಏಳನೆಯ ತರಗತಿಯಲ್ಲಿರುತ್ತಾರೆ.

ಹೊಲಿಗೆ, ಅಂಟು, ಬಣ್ಣ

ಹೊಲಿಗೆಗೆ ಒಂದು ಜೋಡಿ ಅವಧಿ ಸಾಕಾಯಿತು. ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಕೆಳಗೆ ಅಂಚಿನಿಂದ ನಾಲ್ಕು ಬೆರಳು ಬಿಟ್ಟು ಒಂದೊಂದು. ದಾರ ಬೆನ್ನಿನ ಉದ್ದದ ಎರಡೂವರೆಯಷ್ಟು. ಸೂಜಿಯನ್ನು ಒಳಗಿನಿಂದ ನಡುತೂತಿನ ಮೂಲಕ ಹೊರಗೆ ತೆಗೆದು, ಮೇಲಿನ ತೂತಿನಿಂದ ಒಳಗೆ, ನಡುತೂತನ್ನು ದಾಟಿ ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುತೂತಿನಿಂದ ಒಳಗೆ ತರಬೇಕು. ಒಳಗಿನ ಉದ್ದ ಹೊಲಿಗೆ ದಾರದ ಎರಡು ತುದಿಗಳ ನಡುವೆ ಬರುವಂತೆ ಗಂಟು ಹಾಕಿದರೆ ಪುಸ್ತಕ ಬಿಚ್ಚಿಕೊಳ್ಳುವುದಿಲ್ಲ. ತೂತುಗಳನ್ನು ದಬ್ಬಳದಿಂದ ನಾನೇ ಹಾಕಿಕೊಟ್ಟೆ. ರಟ್ಟಿಗೆ ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆ. ರಟ್ಟಿನ ಒಳಬದಿಗೆ ಲಗ್ನಪತ್ರಿಕೆಯ ಲಕೋಟೆ ಅಂಟಿಸಿದರೆ ಬೀಜ, ಒಣಗಿದ ಎಲೆ ಇಡಲು ಜೇಬು ಸಿದ್ಧ.

ಅಂಟಿಗೆ ಮೈದಾ ಗಂಜಿ. ಪುಸ್ತಕ ಕಟ್ಟುವವರು ಹುಳು ಬಾರದಿರಲು ಗಂಜಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳ ಕೈಗೆ ಕೊಡಬಾರದು. ಗಂಜಿಯನ್ನು ತೆಳ್ಳಗೆ ಹಚ್ಚಿ ಚೆನ್ನಾಗಿ ಒಣಗಿಸಿದೆವು.

ಎಲೆ ಒತ್ತುವ ಕೆಲಸಕ್ಕೆ ಮಳೆಗಾಲ ಅನುಕೂಲದ ಕಾಲವಲ್ಲ. ಸುದ್ದಿಪತ್ರಿಕೆಯ ನಡುವೆ ಇಟ್ಟು ಕಲ್ಲು ಹೇರಿದ ಎಲೆಗೆ ಮೊದಲ ಕೆಲವು ದಿನ ಪ್ರತಿದಿನವೂ ಕಾಗದ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದು ಗುಂಪು ಕಾಗದ ಬದಲಿಸಿತು, ಇನ್ನೊಂದು ಬದಲಿಸದೆ ನೋಡಿತು. ಎರಡೂ ಎಲೆಗಳು ಪುಸ್ತಕದಲ್ಲಿವೆ. ಬಸಳೆಯಂಥ ನೀರು ತುಂಬಿದ ಎಲೆ ಒತ್ತಲು ಬರುವುದಿಲ್ಲ. ಅದನ್ನು ಚಿತ್ರ ಬರೆದು, ಹಣ್ಣಿನ ನೇರಳೆ ರಸದಿಂದ ಬಣ್ಣ ತುಂಬಿದರು. ಆ ಬಣ್ಣದ ಪಟ್ಟಿಯ ಅರ್ಧ ಮುಚ್ಚಿ, ಅರ್ಧ ಬಿಸಿಲಿಗೆ ಬಿಟ್ಟು ಮಾಸುವುದನ್ನು ಕಂಡರು. ಅರಿಸಿನ ಬಳಿದ ಕಾಗದಕ್ಕೆ ಸಾಬೂನಿನ ನೀರು ತಗಲಿದರೆ ಕೆಂಪಾಗುವುದನ್ನು ತಾವೇ ಪತ್ತೆ ಹಚ್ಚಿದವರೂ ಇದ್ದರು. ಆಮ್ಲ-ಪ್ರತ್ಯಾಮ್ಲಗಳ ಪಾಠಕ್ಕೆ ಇದೇ ಪೂರ್ವಜ್ಞಾನವಾಗುತ್ತದೆ.

ಪುಟದ ಕ್ರಮ

ಪ್ರತಿ ಪುಟವನ್ನು ನಾಲ್ಕು ಭಾಗ ಮಾಡಿದೆವು: ಮಳೆ, ಗಿಡ, ಕಂಡದ್ದು, ಕೇಳಬೇಕಾದ್ದು. ಮಳೆಗೆ ನೇರ ಗೋಡೆಯ ಬಾಟಲಿಯ ಕತ್ತು ಕತ್ತರಿಸಿ, ತಳದ ಉಬ್ಬುತಗ್ಗು ಮುಚ್ಚುವವರೆಗೆ ಕಲ್ಲು, ನೀರು ತುಂಬಿ, ಅಲ್ಲಿಂದ ಸೊನ್ನೆ ಗುರುತು ಹಾಕಿದೆವು. 1 ಮಿ.ಮೀ. ಮಳೆ ಎಂದರೆ 1 ಚದರ ಮೀಟರಿಗೆ 1 ಲೀಟರ್ ನೀರು. ನಮ್ಮ ಮಡಿ 3 ಮೀಟರ್ ಉದ್ದ, 2 ಮೀಟರ್ ಅಗಲ. 10 ಮಿ.ಮೀ. ಮಳೆ ಬಂದರೆ ಮಡಿಗೆ 60 ಲೀಟರ್. "ಆರು ಬಿಂದಿಗೆ ಹೊರೋದು ಉಳೀತು" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಬಿಂದಿಗೆಗೆ ಹತ್ತು ಲೀಟರ್ ಎಂದು ಅವರೇ ಅಳೆದಿದ್ದರು.

ಮನೆಯ ಹಿರಿಯರಿಂದ ಗಾದೆ ಕೇಳಿ ಬರುವುದು ಗೃಹಕಾರ್ಯ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು' ಎಂಬುದನ್ನು ಹಲವರು ತಂದರು. ಗಾದೆಯನ್ನು ಸರಿ ಅಥವಾ ತಪ್ಪು ಎಂದು ತೀರ್ಮಾನಿಸಲು ಹೋಗಲಿಲ್ಲ. ಪುಟದ ಮೇಲ್ಭಾಗದಲ್ಲಿ ಗಾದೆ, ಕೆಳಗೆ ನಮ್ಮ ಬಾಟಲಿಯ ಅಳತೆ. ನಮ್ಮ ಭಾಗದಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಮಲೆನಾಡಿನಲ್ಲಿ ಜೂನ್‌ನಿಂದಲೇ ಸುರಿಯುತ್ತದೆ. ಒಂದೇ ನಕ್ಷತ್ರದ ಪುಟ ಎರಡು ಊರಿನಲ್ಲಿ ಬೇರೆಯಾಗುತ್ತದೆ ಎಂಬ ಮಾತು ಅಲ್ಲಿಂದ ಬೆಳೆಯಿತು.

ಮನೆಯಲ್ಲಿ ತೆಲುಗು ಮಾತನಾಡುವ ಒಬ್ಬ ಹುಡುಗಿ ಅವರೆಯ ಪಕ್ಕದಲ್ಲಿ 'ಚಿಕ್ಕುಡು' ಎಂದು ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅವಳು. ಎಲ್ಲರ ಪುಸ್ತಕದಲ್ಲೂ 'ಮನೆಯ ಹೆಸರು' ಎಂಬ ಸಾಲು ಸೇರಿಸಿ, ಅದಕ್ಕೆ ಮೊದಲ ಉದಾಹರಣೆಯನ್ನು ಕರಿಹಲಗೆಯ ಮೇಲೆ ಅವಳಿಂದಲೇ ಬರೆಸಿದೆ. ಆ ಮೇಲೆ ಅವಳ 'ಕೇಳಬೇಕಾದ್ದು' ಭಾಗ ಖಾಲಿ ಉಳಿಯಲಿಲ್ಲ.

ಸತ್ತ ಗಿಡದ ಪುಟ

ಘಟಕದ ಮುಖ್ಯ ಪಾಠ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಪ್ರತಿಯೊಬ್ಬರೂ ಒಂದು ಬೆಂಡೆ, ಒಂದು ಅವರೆ ಬಿತ್ತಿದ್ದರು. ಪುಷ್ಯ ಮಳೆಯಲ್ಲಿ ಒಬ್ಬ ಹುಡುಗನ ಬೆಂಡೆ ಸಸಿ ಬುಡದಲ್ಲೇ ಬಾಗಿ ಒರಗಿತು. ಅವನು ನನ್ನ ಬಳಿ ಬಂದು ಮೆಲ್ಲಗೆ, "ಪಕ್ಕದವನ ಗಿಡದ ಎತ್ತರ ಬರ್ಕೊಳ್ಲಾ ಸಾರ್? ಪುಟ ಖಾಲಿ ಇದ್ರೆ ಮಾರ್ಕ್ಸ್ ಹೋಗುತ್ತೆ" ಎಂದ.

ಅವನು ಕೇಳಿದ್ದು ಪ್ರಾಮಾಣಿಕ ಪ್ರಶ್ನೆ. ತುಂಬಿದ ಪುಟಕ್ಕೆ ಅಂಕ ಎಂಬುದನ್ನು ನಮ್ಮ ಶಾಲೆಗಳು ಅವನಿಗೆ ಐದು ವರ್ಷ ಕಲಿಸಿವೆ. ನಾನು ಅವನಿಗೆ ಹೇಳಿದ್ದು ಇಷ್ಟೇ: "ಗಿಡ ಕಿತ್ತು ನೋಡು. ಕಂಡದ್ದನ್ನು ಬರಿ." ಕಾಂಡ ಮಣ್ಣಿನ ಮಟ್ಟದಲ್ಲಿ ಕಂದಾಗಿ, ದಾರದಂತೆ ಸಣ್ಣಗಾಗಿತ್ತು. ಎಳೆಯ ಸಸಿಗಳ ಬುಡ ಕೊಳೆಯುವ ಈ ರೋಗ ಮಣ್ಣಿನಲ್ಲಿರುವ ಶಿಲೀಂಧ್ರಗಳಿಂದ ಬರುತ್ತದೆ. ನೀರು ನಿಂತಲ್ಲಿ ಹೆಚ್ಚು. ಆದರೆ ಮಳೆ ಅಷ್ಟೇನೂ ಬಂದಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ? ಅವನು ಎರಡು ದಿನ ಕಾದು ನೋಡಿದ. ಬಿಸಿಯೂಟದ ನಂತರ ತಟ್ಟೆ ತೊಳೆದ ನೀರು ಹರಿದು ಮಡಿಯ ತಗ್ಗಾದ ಮೂಲೆಯಲ್ಲಿ ನಿಲ್ಲುತ್ತಿತ್ತು. ಅವನ ಸಸಿ ಇದ್ದದ್ದು ಅಲ್ಲೇ. ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ನೋಡಿ ಬರೆದ. ಆ ಪುಟವನ್ನು ತರಗತಿಗೆ ಓದಿ ಹೇಳಿದ ಮೇಲೆ ಮಕ್ಕಳೇ ಕಾಲುವೆ ತೋಡಿ ನೀರನ್ನು ನುಗ್ಗೆ ಗಿಡದ ಕಡೆ ತಿರುಗಿಸಿದರು. ಇಡೀ ತರಗತಿಯಲ್ಲಿ ಮಡಿಯನ್ನೇ ಬದಲಿಸಿದ ಪುಟ ಅದೊಂದೇ.

ಅವರೆ ಏಕೆ ಹೂ ಬಿಡಲಿಲ್ಲ?

ಮಘೆಯ ಹೊತ್ತಿಗೆ, ಬಿತ್ತಿ ಆರು ವಾರ ದಾಟಿದಾಗ, ಬೆಂಡೆ ಹೂ ಬಿಟ್ಟಿತು. ಅವರೆ ಬಳ್ಳಿಯಲ್ಲಿ ಬರೀ ಎಲೆ. "ಗೊಬ್ಬರ ಸಾಲದು", "ಬೀಜ ಸರಿಯಿಲ್ಲ" ಎಂಬ ಊಹೆಗಳು ಬಂದವು. ಅವೆಲ್ಲ 'ಕೇಳಬೇಕಾದ್ದು' ಭಾಗಕ್ಕೆ ಹೋದವು. ನಾಟಿ ಅವರೆ ಹಗಲು ಕಿರಿದಾಗುವುದನ್ನು ಅರಿತು ಹೂ ಬಿಡುವ ಬೆಳೆ. ಆದ್ದರಿಂದಲೇ ಸೊಗಡವರೆಯ ಘಮ ಡಿಸೆಂಬರ್-ಜನವರಿಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ಅವು ವರ್ಷದ ಯಾವ ಕಾಲದಲ್ಲೂ ಹೂ ಬಿಡುತ್ತವೆ. ಈ ಉತ್ತರವನ್ನು ಹೇಳುವ ಬದಲು ಒಂದು ಕೆಲಸ ಕೊಟ್ಟೆ: ಪ್ರತಿ ನಕ್ಷತ್ರದ ಮೊದಲ ದಿನ ಕ್ಯಾಲೆಂಡರಿನಿಂದ ಸೂರ್ಯೋದಯ, ಸೂರ್ಯಾಸ್ತದ ಸಮಯ ಬರೆದು ಹಗಲಿನ ಉದ್ದ ಲೆಕ್ಕ ಹಾಕಿ. ನಮ್ಮ ಅಕ್ಷಾಂಶದಲ್ಲಿ ಅದು ಜೂನ್‌ನಲ್ಲಿ ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಸುಮಾರು 11½ ಗಂಟೆ. ಹೂ ಕಂಡ ದಿನ ಆ ಸಾಲಿನ ಕೆಳಗೆ ಗೆರೆ ಎಳೆಯಿರಿ ಎಂದೆ. ಗೆರೆ ಯಾವ ಪುಟದಲ್ಲಿ ಬೀಳುವುದೆಂದು ಊಹಿಸಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.

ಮೌಲ್ಯಮಾಪನ

ನಿರಂತರ ಮೌಲ್ಯಮಾಪನಕ್ಕೆ ನಾಲ್ಕೇ ಅಂಶ ಇಟ್ಟುಕೊಂಡೆ: ದಿನಾಂಕ ಇದೆಯೇ? ಅಳತೆಗೆ ಮಾನ ಇದೆಯೇ? ಕಂಡದ್ದೂ ಊಹಿಸಿದ್ದೂ ಬೇರೆಯಾಗಿವೆಯೇ? ಒಂದಾದರೂ ಸ್ವಂತ ಪ್ರಶ್ನೆ ಇದೆಯೇ? ಅಲಂಕಾರಕ್ಕೆ ಅಂಕವಿಲ್ಲ, ಅಡ್ಡಿಯೂ ಇಲ್ಲ. ಪಾಠ ವೀಕ್ಷಿಸಿದ ನಮ್ಮ ಮಾರ್ಗದರ್ಶಕರು, "ಅಚ್ಚುಕಟ್ಟುತನವೂ ಒಂದು ಕೌಶಲವಲ್ಲವೇ?" ಎಂದು ಕೇಳಿದರು. ಹೌದು, ಅದನ್ನು ಹೊಲಿಗೆಯ ದಿನ ಪುಸ್ತಕದ ಬೆನ್ನಿನಲ್ಲಿ ಅಳೆದೆ, ಮಡಿಯ ಬಳಿ ಕೆಸರುಗೈಯಲ್ಲಿ ಬರೆದ ಪುಟದಲ್ಲಿ ಅಳೆಯಲಿಲ್ಲ. ಈ ನಾಲ್ಕು ಅಂಶಗಳಲ್ಲಿ ಸತ್ತ ಗಿಡದ ಪುಟಕ್ಕೆ ಪೂರ್ಣಾಂಕ ದೊರೆಯಿತು. ಅದನ್ನು ಕಂಡ ಮೇಲೆ ಹುಳು ತಿಂದ ಎಲೆ, ಮೊಳೆಯದ ಬೀಜ, ಮೇಕೆ ಮೇಯ್ದ ತುದಿ ಇವೆಲ್ಲ ಉಳಿದ ಪುಸ್ತಕಗಳಲ್ಲೂ ಕಾಣಿಸಿಕೊಂಡವು.

ಸಹಪ್ರಶಿಕ್ಷಣಾರ್ಥಿಗಳಿಗೆ

ಇದನ್ನು ಕೈಗೊಳ್ಳುವವರಿಗೆ ನನ್ನ ಸಲಹೆಗಳು ಇವು. ಒಂದು ನಕ್ಷತ್ರಕ್ಕೆ ಎರಡು ದಾಖಲೆ ಸಾಕು. ಪ್ರತಿದಿನ ಬರೆಸಿದರೆ ಮಕ್ಕಳು ಗಿಡ ನೋಡದೆ ಬರೆಯುತ್ತಾರೆ. ಬೇಗ ಹೂ ಬಿಡುವ ಒಂದು ಗಿಡವನ್ನೂ ನಿಮ್ಮ ಅವಧಿ ಮೀರಿ ಹೂ ಬಿಡುವ ಇನ್ನೊಂದನ್ನೂ ಒಟ್ಟಿಗೆ ಬಿತ್ತಿ. ತೋಟಕ್ಕೆ ಜಾಗವಿಲ್ಲದ ಶಾಲೆಯಲ್ಲಿ ಅಂಗಳದ ಒಂದು ಹೊಂಗೆಯೋ ಬೇವೋ ಸಾಕು; ಮರಗಳ ಚಿಗುರು, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ದಾಖಲಿಸುವ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾ ಮಕ್ಕಳೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೊನೆಯ ದಿನ ಪುಸ್ತಕಗಳನ್ನು ನಮ್ಮ ಕಾಲೇಜಿನ ಪ್ರದರ್ಶನಕ್ಕೆಂದು ತರಬೇಡಿ. ನಾನು ತಂದದ್ದು ನಾಲ್ಕು ಪುಟಗಳ ಛಾಯಾಪ್ರತಿ ಮಾತ್ರ. ಪುಸ್ತಕಗಳು ಆರನೆಯ ತರಗತಿಯ ಕಪಾಟಿನಲ್ಲಿವೆ, ಹುಬ್ಬೆಯ ಪುಟಕ್ಕೆ ಈಗಾಗಲೇ ದಿನಾಂಕ ಬಿದ್ದಿದೆ.